ಬೆಳಕಿಗಾಗಿ ಟೆರೇಸ್ ಹತ್ತಿದ ಗ್ರೈಂಡರ್

"ನಿಮ್ಮ ಗ್ರೈಂಡರ್ ನನ್ನ ಬೆಳಕನ್ನ ನಡುಗಿಸ್ತಿದೆ."

ವಡಪಳನಿಯ ಆ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದ ಸಾವಿರ ಕೈಗಳು ಒಟ್ಟಿಗೆ ನಿಂತವು. ಅಡುಗೆಮನೆ ಬಾಗಿಲಲ್ಲಿ ವೃಂದಾ. ಅವಳ ಸಿಟ್ಟಿನ ಮುಂದೆ ಚೆನ್ನೈನ ಮೇ ತಿಂಗಳು ಸ್ವೆಟರ್ ಹಾಕಿಕೊಳ್ಳಬೇಕು, ಅಂಥ ಹುಡುಗಿ!

ಯಜಮಾನಿ ಜಲಜಾಕ್ಷಿಯ ಮಗ ರೂಪೇಶ ತಿರುಗಿ ನೋಡಿದ. ಮೂರು ಲೋಕಕ್ಕೂ ದೋಸೆ ಹುಯ್ದ ಕೈ ಅವನದು. ಅವತ್ತು ಮೊದಲ ಬಾರಿಗೆ ದೋಸೆ ಸೀದುಹೋಯಿತು.

"ಬೆಳಕು ನಡುಗ್ತದಾ ಮೇಡಂ?"

"ನಿಮ್ಮ ಅಡುಗೆಮನೆ ಪಕ್ಕದಲ್ಲೇ ನೆಲದೊಳಗೆ ನಮ್ಮ ಫೈಬರ್ ಕೇಬಲ್ ಹೋಗತ್ತೆ. ಕ್ರೋಂಪೇಟೆಯ ನಮ್ಮ ಲ್ಯಾಬಿಂದ ಬೆಂಗಳೂರಿಗೆ. ಲೇಸರ್ ಬೆಳಕು ಒಂದೇ ಲಯದಲ್ಲಿ ತಲುಪಬೇಕು. ಒಂದು ಚೂರು ಅಲ್ಲಿಂದ ವಾಪಸ್ ಬಂದು, ದಾರೀಲಿ ಎಷ್ಟು ನಡುಗಿತು ಅಂತ ಹೇಳತ್ತೆ, ನಾವು ಸರಿಮಾಡ್ತೀವಿ. ಬಸ್ಸು, ಲಾರಿ, ಎಲ್ಲ ಸರಿಹೋಗತ್ತೆ. ಬೆಳಗ್ಗೆ ನೀವು ರುಬ್ಬೋ ಹೊತ್ತಿನ ನಡುಕ ಮಾತ್ರ ಹೋಗ್ತಾನೇ ಇಲ್ಲ."

ಅವಳ ದನಿ ಸಣ್ಣಗಾಯಿತು. "ಶುಕ್ರವಾರದೊಳಗೆ ಲ್ಯಾಬಿನ ಪರದೆ ಮೇಲೆ ನಡುಕದ ಗೆರೆ ನೇರ ಬರದಿದ್ರೆ ಈ ಕೇಬಲ್ ನಮ್ಮಿಂದ ವಾಪಸ್ ತಗೋತಾರೆ. ವರ್ಷಗಟ್ಟಲೆ ಮಾಡಿದ ಕೆಲಸ ಪೋಚ್ಚು, ಎಲ್ಲ ಹೋಯ್ತು."

ರೂಪೇಶ ಬೇರೇನೂ ಕೇಳಲಿಲ್ಲ. "ಆಯ್ತು. ಗ್ರೈಂಡರ್ ಇಲ್ಲಿಂದ ತೆಗೀತೇನೆ."

ಮರುದಿನ ಬೆಳಗ್ಗೆಯೂ ಲ್ಯಾಬಿನ ಪರದೆಯ ಮೇಲೆ ಗೆರೆ ಕುಣಿಯಿತು.

ಹಾಗಾದರೆ ತೆಗೆದೇ ಇಲ್ಲ... ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದನಾ?

ಹೋಟೆಲಿನ ಬೋರ್ಡಿನಲ್ಲಿದ್ದ ರೂಪೇಶನ ನಂಬರಿಗೆ ವೃಂದಾ ಮೆಸೇಜ್ ಹಾಕಿದಳು. 'ಮಾತು ಉಳಿಸಿಕೊಳ್ಳೋಕೆ ಬರದವರು ಮಾತು ಕೊಡಬಾರದು.'

ಉತ್ತರ ಬರಲಿಲ್ಲ. ಬರದಿದ್ದರೆ ಬೇಡ... ಆದರೆ ಯಾಕೆ ಇಷ್ಟು ನೋಯುತ್ತಿದೆ?

ಗುರುವಾರ ಬೆಳಗ್ಗೆ ಲ್ಯಾಬಿನ ಫ್ಯಾನ್ ಕೆಟ್ಟು ನಿಂತಿತು. ಆ ಕ್ಷಣವೇ ಗೆರೆ ನೆಟ್ಟಗಾಯಿತು. ಎಷ್ಟು ನೆಟ್ಟಗೆ? ಸೂರ್ಯನೇ ಬಂದು ತನ್ನ ಗಡಿಯಾರ ಸರಿಮಾಡಿಕೊಂಡು ಹೋಗಬಹುದು, ಅಷ್ಟು.

ವೃಂದಾ ಮೇಜು ನೋಡಿದಳು. ಫ್ಯಾನಿನ ಗಾಳಿಗೆ ಹೊದಿಕೆಯಿಲ್ಲದೆ ಬಿದ್ದಿತ್ತು ಒಂದು ಮೊಳ ಫೈಬರ್. ಬೆಂಗಳೂರಿಂದ ವಾಪಸ್ ಬರುವ ಬೆಳಕು ಆ ತುಂಡಿನವರೆಗೆ ಬರುವುದೇ ಇಲ್ಲ. ಅದರ ನಡುಕ ಸರಿಹೋಗುವ ಮಾತೇ ಇಲ್ಲ. ದಿನಾ ಬೆಳಗ್ಗೆ, ಹೋಟೆಲಿನಲ್ಲಿ ರುಬ್ಬುವ ಹೊತ್ತಿಗೇ, ಎಸಿ ಶುರುವಾಗುವವರೆಗೆ ಆ ಫ್ಯಾನ್ ಹಾಕುತ್ತಿದ್ದವಳು ಅವಳೇ.

ಅಯ್ಯೋ ರಾಮ...

ಅವಳ ಸ್ಕೂಟರ್ ಹಾರಿದ ವೇಗಕ್ಕೆ ಏರ್‌ಪೋರ್ಟಿನ ವಿಮಾನಗಳೇ ಸರಿದು ದಾರಿ ಬಿಟ್ಟವು.

ಅಡುಗೆಮನೆಯಲ್ಲಿ ಗ್ರೈಂಡರ್ ಇದ್ದ ಜಾಗ ಖಾಲಿ.

"ಬಂದ್ಯಾ ಮಗಾ?" ಜಲಜಾಕ್ಷಿ ಸೊಂಟಕ್ಕೆ ಕೈಯಿಟ್ಟರು. "ನೀನು ಹೇಳಿದ ದಿನವೇ ರೂಪೇಶ ಆನೆಭಾರದ ಗ್ರೈಂಡರ್ ಟೆರೇಸಿಗೆ ಹೊತ್ತ. ಈಗ ಅವನ ಸೊಂಟಕ್ಕೆ ಎಣ್ಣೆ ತಿಕ್ಕುವುದು ನಾನು. ಅವನ ಫೋನೂ ಹಿಟ್ಟಿನೊಳಗೆ ಬಿದ್ದು ಸತ್ತಿತು. ಹೋಗು, ಮೇಲಿದ್ದಾನೆ."

ಟೆರೇಸಿನಲ್ಲಿ ರೂಪೇಶ ಗ್ರೈಂಡರಿನಿಂದ ಹಿಟ್ಟು ಬಳಿದು ತೆಗೆಯುತ್ತಿದ್ದ.

"ನಿಮ್ಮ ಗ್ರೈಂಡರ್ ತಪ್ಪೇ ಇರ್ಲಿಲ್ಲ. ನನ್ನ ಫ್ಯಾನು..." ಅವಳ ಕಣ್ಣು ತುಂಬಿತು. "ನಿಮಗೆ ಕೆಟ್ಟ ಮೆಸೇಜ್ ಬೇರೆ ಹಾಕಿದೀನಿ."

"ಹಿಟ್ಟು ಓದಿರ್ಬಹುದು. ನಾನು ಓದಲಿಲ್ಲ." ಅವನು ಕೈ ಒರೆಸಿಕೊಂಡ. "ಗೆರೆ ನೇರ ಬಂತಾ?"

ಸೊಂಟ ಹಿಡಿದವನು ನನ್ನ ಗೆರೆ ಕೇಳುತ್ತಿದ್ದಾನೆ...

"ಬಂತು. ಥ್ಯಾಂಕ್ಸ್, ರೂಪೇಶ್."

"ಎಂತಕ್ಕೆ? ನಾನು ಹೊತ್ತದ್ದು ದಂಡ ಅಲ್ವಾ?"

"ಕಣ್ಣಿಗೆ ಕಾಣದ ಬೆಳಕಿಗೋಸ್ಕರ ಕಲ್ಲು ಹೊತ್ತಿರಲ್ಲ. ನಮ್ಮ ಮನೇಲೂ ನನ್ನ ಮಾತನ್ನ ಯಾರೂ ಇಷ್ಟು ನಂಬಿಲ್ಲ."

"ಬೆಳಕಿನ ವಿಷಯ ನಂಗೆ ಗೊತ್ತಿಲ್ಲ. ನಿಮ್ಮ ದನಿ ಸಣ್ಣಗಾಯ್ತು. ಅಷ್ಟು ಸಾಕಿತ್ತು." ಅವನು ಅತ್ತ ನೋಡಿದ. "ಒಂದು ಚೂರು ವಾಪಸ್ ಬಂದ್ರೆ ಎಲ್ಲ ಸರಿಯಾಗ್ತದೆ ಅಂದಿದ್ರಿ."

ವೃಂದಾ ಹಿಟ್ಟು ಮೆತ್ತಿದ ಅವನ ಕೈ ಹಿಡಿದಳು. "ನಾನು ಪೂರ್ತಿ ಬಂದಿದೀನಿ."

"ಹಾಗಾದ್ರೆ ಆ ಕಡೆ ಹಿಡೀರಿ. ಗ್ರೈಂಡರ್ ಕೆಳಗಿಳಿಸುವ."

"ನಿಮ್ಮ ಸೊಂಟ?"

"ಈಗ ಸರಿಯಾಯ್ತು."