ಓದುಗರು: ಒಬ್ಬರು

"ದಿನಕ್ಕೆ ಸಾವಿರದ ನಾನೂರು ಸಲ ನನ್ನ ಮನೆ ಬಾಗಿಲು ತಟ್ತಾ ಇರೋರು ನೀವೇನಾ?"

ಬಾಗಿಲು ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಎದುರಿಗೆ ನಿಂತಿದ್ದವನ ಕೈಯಲ್ಲಿ ಸ್ಪ್ಯಾನರ್, ಸುತ್ತಿಗೆ ತುಂಬಿದ ಪೆಟ್ಟಿಗೆ. ಅಂಗಿಯ ತೋಳಿನ ಮೇಲೆ ಗ್ರೀಸ್ ಕಲೆ. ಮೂರು ಮಹಡಿ ಹತ್ತಿ ಬಂದ ಏದುಸಿರು ಬೇರೆ.

"ನಾನು ಯಾರ ಬಾಗಿಲೂ ತಟ್ಟಿಲ್ಲ. ಈಗ ತಟ್ಟಿದ್ದು ನೀವು," ಎಂದಳು.

"ನಾನು ಒಂದು ಸಲ ತಟ್ಟಿದೆ. ನಿಮ್ಮ ಆಪ್ ನಿಮಿಷಕ್ಕೊಂದು ಸಲ ತಟ್ಟುತ್ತೆ. ಮನೇಲಿರೋ ಹಳೇ ಕಂಪ್ಯೂಟರ್‌ನಲ್ಲಿ ನನ್ನ ಬ್ಲಾಗ್ ಇಟ್ಕೊಂಡಿದೀನಿ. ಪಾಪ, ಅದು ನಿಮಗೆ ಉತ್ತರ ಹೇಳಿ ಹೇಳಿ ಬಿಸಿಯಾಗಿ ಮಲಗಿಬಿಟ್ಟಿದೆ. ಮೂರು ಮೇಲ್ ಹಾಕ್ದೆ, ಉತ್ತರ ಇಲ್ಲ. ಅದಕ್ಕೇ ಆಪ್‌ನಲ್ಲಿ ಕೊಟ್ಟಿರೋ ವಿಳಾಸ ಹುಡುಕ್ಕೊಂಡು ಬಂದೆ. ನಮ್ಮ ಕೆಲಸದಲ್ಲಿ ದೂರು ಅಂದ್ರೆ ಜಾಗಕ್ಕೇ ಹೋಗಿ ನೋಡೋದು."

ಅವನು ಲಿಫ್ಟ್ ಮೆಕ್ಯಾನಿಕ್. ಅವಳು... ಮನೆಯಲ್ಲಿ ಎಲ್ಲರೂ ಕರೆಯುವುದು ಗುಬ್ಬಿ ಎಂದು. ಮೂವತ್ತೊಂದು ತುಂಬಿದ ಮೇಲೂ ಗುಬ್ಬಿಯೇ. ದೊಡ್ಡ ಕಂಪನಿಯ ಕೆಲಸ ಬಿಟ್ಟು, ಮೂರು ವರ್ಷದಿಂದ ಒಬ್ಬಳೇ ಕೂತು ಒಂದು ಪುಟ್ಟ ಫೀಡ್ ರೀಡರ್ ಆಪ್ ನಡೆಸುತ್ತಿದ್ದಳು.

ಫೀಡ್ ರೀಡರ್ ಎಂದರೆ ಹೆದರಬೇಕಾದ್ದೇನಿಲ್ಲ. ನಿಮಗಿಷ್ಟವಾದ ಬ್ಲಾಗುಗಳ ವಿಳಾಸ ಕೊಟ್ಟರೆ ಆಪ್ ಆಗಾಗ ಅಲ್ಲಿಗೆ ಹೋಗಿ, 'ಹೊಸದೇನಾದರೂ ಬರೆದಿರಾ?' ಎಂದು ಕೇಳುತ್ತದೆ. ಬರೆದಿದ್ದರೆ ನಿಮಗೆ ತಂದುಕೊಡುತ್ತದೆ. ಜಾಹೀರಾತಿಲ್ಲ, ಅದು ಓದಿ ಇದು ಓದಿ ಎಂಬ ಕಾಟವಿಲ್ಲ. ಬಳಸುವವರು ನಾಲ್ಕು ಸಾವಿರ ಚಿಲ್ಲರೆ ಜನ. ಅಷ್ಟೂ ಜನರ ಗೊಣಗಾಟ ಕೇಳಿಸಿಕೊಳ್ಳುವುದಕ್ಕೆ ಇವಳೊಬ್ಬಳೇ.

ಅವನನ್ನು ಒಳಗೆ ಕೂರಿಸಿ ಕಂಪ್ಯೂಟರ್ ತೆರೆದಳು. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು.

"ನೋಡಿ, ನಿಮ್ಮ ಬ್ಲಾಗ್ ಎಲ್ಲ ಬರಹಕ್ಕೂ ಈ ಕ್ಷಣದ ಸಮಯ ಹಾಕಿ ಕೊಡ್ತಾ ಇದೆ. ಆರು ವರ್ಷದ ಹಿಂದೆ ಬರೆದದ್ದನ್ನೂ ಈಗಷ್ಟೇ ಬರೆದೆ ಅನ್ನುತ್ತೆ. ಹೊಸದು ಬರ್ತಾ ಇರೋ ಕಡೆ ಬೇಗ ಬೇಗ ಹೋಗು ಅಂತ ಹೋದ ವಾರ ನಾನೊಂದು ನಿಯಮ ಹಾಕಿದ್ದೆ. ಅದಕ್ಕೇ ಹೀಗಾಗಿದೆ. ತಪ್ಪು ನಿಮ್ಮದೇ."

"ಸುಳ್ಳು ಹೇಳಿದ್ದು ನನ್ನ ಬ್ಲಾಗ್. ನಂಬಿದ್ದು ನಿಮ್ಮ ಆಪ್. ತಪ್ಪು ಅರ್ಧ ಅರ್ಧ," ಎಂದನವನು.

ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ನಿಯಮ ತಿದ್ದಿ, ಇನ್ನು ಕಾಲು ಗಂಟೆಗೊಂದೇ ಸಲ ಎಂದು ಮಾತು ಕೊಟ್ಟಳು.

ಹೊರಟವನು ಬಾಗಿಲಲ್ಲಿ ನಿಂತ.

"ಇನ್ನೊಂದು ಮಾತು. ನಿಮ್ಮ ಆಪ್ ಬಂದು ಹೋದಾಗೆಲ್ಲ ನನ್ನ ಕಂಪ್ಯೂಟರ್‌ನಲ್ಲಿ ಒಂದು ಸಾಲು ಬಿಟ್ಟು ಹೋಗುತ್ತೆ. ಆಪ್ ಹೆಸರು, ಅದರ ಪಕ್ಕ 'ಓದುಗರು: ಒಬ್ಬರು' ಅಂತ. ಎರಡು ವರ್ಷದಿಂದ ಒಬ್ಬರೇ. ಬೇರೆ ಯಾರೂ ನನ್ನ ಬ್ಲಾಗ್ ಕಡೆ ತಲೆ ಹಾಕಲ್ಲ. ಮುಚ್ಚಿಬಿಡೋಣ ಅಂತ ಕೂತಿದ್ದ ದಿನವೇ ಆ ಸಾಲು ಕಾಣಿಸಿದ್ದು. ಅವರು ಯಾರು ಅಂತ ನಾನು ಕೇಳಲ್ಲ. ನೀವೂ ಹೇಳಬೇಡಿ. ಇದ್ದಾರಲ್ಲ... ಅಷ್ಟು ಸಾಕು."

ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಸುಮ್ಮನಿರಲಾರದೆ ಹುಡುಕಿ ನೋಡಿದಳು. ಆ ಒಬ್ಬ ಓದುಗರ ಹೆಸರು 'ಪರೀಕ್ಷೆ-3'.

ಅದು ಅವಳದೇ ಖಾತೆ. ಆಪ್ ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಮಾಡಿಕೊಂಡಿದ್ದ ಹದಿನೇಳು ಸುಳ್ಳು ಖಾತೆಗಳಲ್ಲಿ ಒಂದು. ಜಗತ್ತಿನಲ್ಲಿ ಇರಬಹುದಾದ ಎಲ್ಲ ದೋಷವೂ ಇರುವ ಫೀಡ್ ಎಲ್ಲಾದರೂ ಸಿಕ್ಕೀತೇ ಎಂದು ಎರಡು ವರ್ಷದ ಹಿಂದೆ ಹುಡುಕಿದಾಗ ಸಿಕ್ಕಿದ್ದೇ ಇವನ ಬ್ಲಾಗು. ಸೇರಿಸಿಟ್ಟಿದ್ದಳು. ಒಂದು ಸಾಲನ್ನೂ ಓದಿರಲಿಲ್ಲ.

ಅವಳು ಅವನ ಬ್ಲಾಗ್ ತೆರೆದಳು.

ಆ ಮಧ್ಯಾಹ್ನವೇ ಓದತೊಡಗಿದಳು. ಅಪರಾಧಿ ಭಾವದಿಂದ ಶುರು ಮಾಡಿದ್ದು, ಸಂಜೆಯ ಹೊತ್ತಿಗೆ ಊಟ ಮರೆತು ಕೂತಿದ್ದಳು. ಅವನು ರಿಪೇರಿ ಮಾಡಿದ ಲಿಫ್ಟುಗಳ ಬಗ್ಗೆ ಬರೆಯುತ್ತಿದ್ದ, ಅಷ್ಟೇ. ಮಾತು ಬಿಟ್ಟಿದ್ದ ಇಬ್ಬರು ನೆರೆಯವರು ಲಿಫ್ಟಿನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡ ಕಥೆ. ಇಳಿಯುವಾಗಲೆಲ್ಲ ಲಿಫ್ಟಿಗೆ 'ಬರ್ತೀನಪ್ಪಾ' ಎಂದು ಹೇಳಿ ಹೋಗುವ ಅಜ್ಜಿ. ಯಾರೂ ಗುಂಡಿ ಒತ್ತದಿದ್ದರೂ ನಾಲ್ಕನೇ ಮಹಡಿಯಲ್ಲಿ ನಿಲ್ಲುವ ಲಿಫ್ಟು. ಅಲ್ಲಿದ್ದವರೊಬ್ಬರು ಕಾಲು ಮುರಿದುಕೊಂಡಿದ್ದಾಗ ಯಾರೋ ಹಾಗೆ ಮಾಡಿಸಿದ್ದರಂತೆ. ಅವರು ಮನೆ ಬಿಟ್ಟು ಹೋಗಿ ಮೂರು ವರ್ಷವಾದರೂ ಅದು ನಿಲ್ಲುತ್ತಲೇ ಇತ್ತು. 'ಸರಿ ಮಾಡಬಹುದಿತ್ತು. ಮಾಡದೆ ಬಂದೆ' ಎಂದು ಬರೆದಿದ್ದ.

'ಇದನ್ನು ಯಾರೂ ಓದಿಲ್ಲವಲ್ಲ... ನಾನೂ ಓದಿರಲಿಲ್ಲವಲ್ಲ,' ಎಂದುಕೊಂಡಳು.

ಮುಂದಿನ ಶನಿವಾರ ಬೆಳಿಗ್ಗೆ ಅವನು ಮತ್ತೆ ಬಂದ. ಕಂಪ್ಯೂಟರ್ ತಣ್ಣಗಿದೆ ಎಂದು ಹೇಳುವುದಕ್ಕೆ. ಅದನ್ನು ಫೋನಿನಲ್ಲೂ ಹೇಳಬಹುದಿತ್ತು. ಅದರ ಮುಂದಿನ ಶನಿವಾರವೂ ಬಂದ. ಆಪ್‌ನಲ್ಲಿ ಏನೇನು ಸರಿಯಿಲ್ಲ ಎಂದು ಚೀಟಿ ಬರೆದು ತಂದಿದ್ದ.

"ಗುಂಡಿ ಒತ್ತಿದ ತಕ್ಷಣ ದೀಪ ಹತ್ತಬೇಕು ರೀ. ಇಲ್ಲಾಂದ್ರೆ ಜನ ಇನ್ನೂ ನಾಲ್ಕು ಸಲ ಒತ್ತುತಾರೆ. ಲಿಫ್ಟಲ್ಲೂ ಅಷ್ಟೇ, ನಿಮ್ಮ ಆಪಲ್ಲೂ ಅಷ್ಟೇ."

ಅವಳು ಒಂದು ಪುಟ್ಟ ಹಸಿರು ಚುಕ್ಕೆ ಸೇರಿಸಿದಳು. ಹೊಸದನ್ನು ತರಲು ಆಪ್ ಹೊರಟ ಕೂಡಲೇ ಚುಕ್ಕೆ ಹೊಳೆಯುತ್ತದೆ. ಆ ತಿಂಗಳು 'ಆಪ್ ನಿಂತುಹೋಗಿದೆ' ಎಂಬ ದೂರುಗಳು ಅರ್ಧಕ್ಕರ್ಧ ಇಳಿದವು.

"ಲಿಫ್ಟೇ ಇಲ್ಲದ ಕಟ್ಟಡಕ್ಕೆ ಲಿಫ್ಟ್ ಮೆಕ್ಯಾನಿಕ್ ವಾರ ವಾರ ಬರ್ತಾನಲ್ಲೇ ಗುಬ್ಬಿ, ಏನು ರಿಪೇರಿ ನಡೀತಿದೆ?" ಎಂದು ಅಕ್ಕ ಕಾಲೆಳೆದಳು. ಅಕ್ಕತಂಗಿಯರಿಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕನಿಗೆ ಔಷಧಿ ಅಂಗಡಿಯಲ್ಲಿ ಕೆಲಸ.

"ಆಪ್ ಬಗ್ಗೆ ಮಾತಾಡ್ತೀವಿ," ಎಂದಳು ಗುಬ್ಬಿ.

"ಆಪ್ ಬಗ್ಗೆ ಮಾತಾಡೋಕೆ ತಲೆ ಬಾಚ್ಕೊಂಡು ಕೂರಬೇಕಾ?"

ಅವನೆಂದರೆ ಇಷ್ಟ. ಅದು ಅವಳಿಗೆ ಎರಡನೇ ತಿಂಗಳಲ್ಲೇ ಗೊತ್ತಾಗಿತ್ತು. ಹೇಳಿಬಿಡಬೇಕೆಂದು ಪ್ರತಿ ಶನಿವಾರ ಅಂದುಕೊಳ್ಳುವಳು. ಆದರೆ 'ನಿಮ್ಮ ಬರಹ ಓದ್ತೀನಿ' ಎಂದರೆ 'ಯಾವಾಗಿನಿಂದ?' ಎಂದು ಕೇಳುತ್ತಾನೆ. ಆಮೇಲೆ ಪರೀಕ್ಷೆ-3ರ ಸಂಗತಿಯೂ ಹೊರಬರುತ್ತದೆ. ಮುಂದಿನ ವಾರ ನೋಡೋಣ ಎನ್ನುತ್ತ ಎಂಟು ತಿಂಗಳು ದೂಡಿದಳು. ಅವನ ಬರಹಗಳನ್ನು ಮಾತ್ರ ಒಂದೂ ಬಿಡದೆ, ಅದೇ ಪರೀಕ್ಷೆ-3 ಖಾತೆಯಲ್ಲಿ ಕೂತು ಓದುತ್ತಿದ್ದಳು.

ಎಡವಟ್ಟಾಗಿದ್ದು ಅಲ್ಲೇ.

ಆಪ್ ಅನ್ನು ಹೊಸ ಸರ್ವರಿಗೆ ಸಾಗಿಸಬೇಕಿತ್ತು. ಮನೆ ಬದಲಾಯಿಸುವಾಗ ಎಲ್ಲರೂ ಮಾಡುವಂತೆ ಅವಳೂ ಹಳೆಯ ಕಸ ಗುಡಿಸಿದಳು. ಹದಿನೇಳು ಸುಳ್ಳು ಖಾತೆಗಳನ್ನೂ ಒಂದೇ ಏಟಿಗೆ ಅಳಿಸಿ ಹಾಕಿದಳು. ಆಮೇಲೆ ಎರಡು ವಾರ ತಲೆ ಎತ್ತಲು ಪುರಸೊತ್ತಿರಲಿಲ್ಲ.

ಅದರ ನಡುವಿನ ಮೊದಲ ಶನಿವಾರ ಅವನು ಬರಲಿಲ್ಲ. ಮುಂದಿನದ್ದಕ್ಕೂ ಬರಲಿಲ್ಲ. ಫೋನ್ ಮಾಡಿದರೆ, "ಲಿಫ್ಟಿನ ಹಗ್ಗ ಬದಲಾಯಿಸೋ ಕೆಲಸ ನಡೀತಿದೆ, ಆಸ್ಪತ್ರೆ ಎದುರಿನ ಒಂಬತ್ತಂತಸ್ತಿನ ಕಟ್ಟಡದಲ್ಲಿ," ಎಂದು ಹೇಳಿ ಇಟ್ಟುಬಿಟ್ಟ. ಧ್ವನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

'ಬೇಸರ ಬಂದಿರಬೇಕು. ಬರದಿದ್ರೆ ಬಿಡಲಿ, ನಾನೇನು ಕರೆದಿದ್ನಾ?' ಎಂದುಕೊಂಡಳು. ಹಾಗಂದುಕೊಂಡ ಮೇಲೆ ಕೆಲಸ ಕೈಹತ್ತಲಿಲ್ಲ. ಅವನು ಬರೆದದ್ದನ್ನಾದರೂ ಓದೋಣವೆಂದು ಶುಕ್ರವಾರ ಬೆಳಿಗ್ಗೆ ಪರೀಕ್ಷೆ-3 ತೆರೆಯಹೋದಳು.

'ಇಂಥ ಖಾತೆ ಇಲ್ಲ.'

ಓದುಗರಿಲ್ಲದ ಕಡೆಗೆ ಆಪ್ ಹೋಗುವುದೇ ಇಲ್ಲ. ಹೋಗದಿದ್ದರೆ ಸಾಲೂ ಇಲ್ಲ. ಎರಡು ವಾರದಿಂದ ಅವನ ಕಂಪ್ಯೂಟರಿಗೆ ಯಾರೂ ಬಂದಿರಲಿಲ್ಲ.

ಗಡಿಬಿಡಿಯಲ್ಲಿ ಬ್ಲಾಗಿನ ವಿಳಾಸ ಹಾಕಿ ನೇರವಾಗಿ ತೆರೆದಳು. ಕೊನೆಯ ಬರಹ ಎರಡೇ ಸಾಲಿನದು. 'ಇದ್ದ ಒಬ್ಬರೂ ಹೊರಟುಹೋದರು, ಚೆನ್ನಾಗಿರಲಿ. ಭಾನುವಾರ ಸಂಜೆ ಆರಕ್ಕೆ ಈ ಕಂಪ್ಯೂಟರನ್ನು ಆರಿಸುತ್ತೇನೆ.'

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು. "ಇದಕ್ಯಾಕೆ ಇಷ್ಟು ಒದ್ದಾಟ? ಇನ್ನೊಂದು ಖಾತೆ ಮಾಡಿ ಸೇರಿಸು. ಒಬ್ಬರು ಯಾಕೆ, ಐವತ್ತು ಜನ ಅಂತ ತೋರಿಸು. ಖುಷಿಯಾಗಿ ಬರ್ಕೊಂಡಿರ್ತಾನೆ."

"ಎರಡು ವರ್ಷ ಗೊತ್ತಿಲ್ದೆ ಮೋಸ ಮಾಡ್ದೆ ಅಕ್ಕಾ. ಎಂಟು ತಿಂಗಳು ಗೊತ್ತಿದ್ದೂ ಮಾಡ್ದೆ. ಇನ್ನೂ ಮಾಡು ಅಂತೀಯಾ?"

ಅಕ್ಕ ಅವಳ ಚಪ್ಪಲಿಯನ್ನು ಬಾಗಿಲ ಬಳಿ ತಂದಿಟ್ಟಳು.

ಆಸ್ಪತ್ರೆ ಎದುರಿನ ಕಟ್ಟಡದಲ್ಲಿ ಲಿಫ್ಟ್ ಬಂದ್ ಆಗಿತ್ತು, ಆಗದಿರುತ್ತದೆಯೇ? ಒಂಬತ್ತು ಮಹಡಿ ಹತ್ತಿ ತಾರಸಿಯ ಮೋಟಾರ್ ಕೋಣೆ ಮುಟ್ಟುವಷ್ಟರಲ್ಲಿ ಗುಬ್ಬಿಯ ಉಸಿರು ಬಾಯಿಗೆ ಬಂದಿತ್ತು. ಅವನು ಉಕ್ಕಿನ ಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತು ನೀರಿನ ಬಾಟಲಿ ಕೊಟ್ಟ.

"ಆ ಒಬ್ಬ ಓದುಗರು ಹೊರಟುಹೋಗಿಲ್ಲ. ನಾನೇ ಅಳಿಸಿಬಿಟ್ಟೆ," ಎಂದಳು. ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಸುಳ್ಳು ಖಾತೆಗಳು, ಹೊಸ ಸರ್ವರ್, ಗುಡಿಸಿದ್ದು, ಎಲ್ಲ.

ಅವನು ಬಹಳ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಅಂದ್ರೆ ನಾನು ಇಷ್ಟು ದಿನ ಬರೆದಿದ್ದು ಒಂದು ಪರೀಕ್ಷೆಗೆ."

"ಮೊದಲ ಎರಡು ವರ್ಷ ಹೌದು. ಆಮೇಲಿನ ಎಂಟು ತಿಂಗಳು ನಾನು ಓದಿದೀನಿ. ಹಳೇದನ್ನೂ ಓದಿದೀನಿ. ನಾಲ್ಕನೇ ಮಹಡೀಲಿ ನಿಲ್ಲೋ ಲಿಫ್ಟು, 'ಬರ್ತೀನಪ್ಪಾ' ಅನ್ನೋ ಅಜ್ಜಿ..."

"ಪ್ರತಿ ಶನಿವಾರ ಎದುರಿಗೆ ಕೂತಿದ್ರಿ. ಒಂದು ಮಾತು ಹೇಳ್ಲಿಲ್ಲ."

"ಹೆದರಿಕೆ ಆಯ್ತು. ನಿಜ ಗೊತ್ತಾದ್ರೆ ನೀವು ಬರೆಯೋದು ನಿಲ್ಲಿಸ್ತೀರಿ, ನಮ್ಮನೆಗೆ ಬರೋದನ್ನೂ ನಿಲ್ಲಿಸ್ತೀರಿ ಅಂತ."

ಅವನು ಮತ್ತೆ ಹಗ್ಗದ ಕಡೆ ತಿರುಗಿದ. "ಕೆಲಸ ಇದೆ. ಇಳಿಯುವಾಗ ಗೋಡೆ ಹಿಡ್ಕೊಳ್ಳಿ, ಆರನೇ ಮಹಡೀಲಿ ಬಲ್ಬ್ ಇಲ್ಲ."

ಅವಳು ಗೋಡೆ ಹಿಡಿದುಕೊಂಡೇ ಇಳಿದಳು. ಆರನೇ ಮಹಡಿಯ ಕತ್ತಲಲ್ಲಿ ಎರಡು ನಿಮಿಷ ನಿಂತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಮನೆಗೆ ಬಂದಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ತನ್ನದೇ ಆಪ್‌ನಲ್ಲಿ ಒಂದು ಹೊಸ ಖಾತೆ ತೆರೆದಳು. ಹೆಸರಿನ ಜಾಗದಲ್ಲಿ ಗುಬ್ಬಿ ಎಂದೇ ಬರೆದಳು. ಒಂದೇ ಒಂದು ಬ್ಲಾಗ್ ಸೇರಿಸಿದಳು. ಆಪ್ ಬಿಟ್ಟು ಬರುವ ಸಾಲನ್ನೂ ಅವನೊಬ್ಬನಿಗೆ ಮಾತ್ರ ಬದಲಾಯಿಸಿದಳು. 'ಓದುಗರು: ಒಬ್ಬರು. ಗುಬ್ಬಿ. ಪರೀಕ್ಷೆಗಲ್ಲ, ಪ್ರೀತಿಯಿಂದ.' ಅದು ಮಾತು ಕೊಟ್ಟಂತೆ ಕಾಲು ಗಂಟೆಗೊಂದು ಸಲ ಹೋಗಿ ಬರತೊಡಗಿತು.

ಭಾನುವಾರ ಸಂಜೆಯವರೆಗೂ ಹೊಸದೇನೂ ಬರಲಿಲ್ಲ. ಆರು ಗಂಟೆಗೆ ಹಸಿರು ಚುಕ್ಕೆ ಹೊಳೆಯಿತು. ಆರೂಕಾಲಿಗೂ ಹೊಳೆಯಿತು, ಆದರೆ ಪಕ್ಕದಲ್ಲಿ ಎರಡು ಪದ ಮೂಡಿದವು. 'ಉತ್ತರ ಇಲ್ಲ.'

ಆರಿಸಿಬಿಟ್ಟ.

ಅವಳು ಪರದೆಯ ಮುಂದೆ ಕೂತೇ ಇದ್ದಳು. ಅಕ್ಕ ಬಂದು ಹೆಗಲ ಮೇಲೆ ಕೈಯಿಟ್ಟು ಒಳಗೆ ಹೋದಳು. ಆರೂವರೆಗೂ ಉತ್ತರ ಇಲ್ಲ. ಆರೂ ಮುಕ್ಕಾಲಿಗೂ ಇಲ್ಲ. ತಾನೇ ಬರೆದ ಆ ಎರಡು ಪದಗಳು ಎಷ್ಟು ಕೆಟ್ಟದಾಗಿವೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಇನ್ನು ಯಾವ ಶನಿವಾರವೂ ಅವನು ಬರುವುದಿಲ್ಲ.

ಯಾರೋ ಬಾಗಿಲು ತಟ್ಟಿದರು, ಒಂದೇ ಸಲ.

ಅವನೇ. ಎದೆಗೆ ಒತ್ತಿ ಹಿಡಿದದ್ದು ಹಳೆಯ ಕಂಪ್ಯೂಟರ್, ಹೆಗಲ ಮೇಲೆ ವೈರುಗಳು.

"ಆರಿಸಿಬಿಟ್ರಲ್ಲ..." ಎಂದಳು.

"ಆರಿಸದೆ ಹೊತ್ಕೊಂಡು ಬರೋಕಾಗುತ್ತಾ?"

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ನಿಮ್ಮ ಸಾಲು ನೂರ ಮೂವತ್ತಕ್ಕೂ ಹೆಚ್ಚು ಸಲ ಬಂತು. ಅಷ್ಟೂ ಸಲ ಓದ್ದೆ," ಎಂದ. "ನಾನು ಯಾಕೆ ಆ ಒಬ್ಬರು ಯಾರು ಅಂತ ಕೇಳಲೇ ಇಲ್ಲ ಗೊತ್ತಾ? ಎಂಟು ತಿಂಗಳಿಂದ ಅದು ನೀವೇ ಆಗಿರ್ಲಿ ಅಂತ ಬರೀತಿದ್ದೆ. ಕೇಳಿ, ಬೇರೆ ಯಾರೋ ಅಂದ್ಬಿಟ್ರೆ ಅನ್ನೋ ಹೆದರಿಕೆ. ಸಾಲು ನಿಂತಾಗ, ನೀವೇ ಬೇಡ ಅಂದ್ರಿ ಅಂದ್ಕೊಂಡೆ."

"ನಿಮ್ಮನ್ನ ಬೇಡ ಅಂತೀನಾ?" ಅವಳ ಕಣ್ಣು ತುಂಬಿ ಬಂತು. "ಮೊದಲು ನಿಮ್ಮ ಬರಹ ಇಷ್ಟ ಆಯ್ತು. ಆಮೇಲೆ ನೀವು. ಎರಡನ್ನೂ ಹೇಳದೆ ಕೂತಿದ್ದೆ."

"ಸುಳ್ಳು ಹೇಳಿದ್ದು ನಿಮ್ಮ ಆಪ್. ನಂಬಿದ್ದು ನಾನು. ತಪ್ಪು ಅರ್ಧ ಅರ್ಧ." ಅವನು ನಕ್ಕ. "ಓದೋರು ಒಬ್ಬರೇ, ಅವರಿರೋದು ಇಲ್ಲಿ. ಆಪ್ ಅಷ್ಟು ದೂರ ಯಾಕೆ ಓಡಾಡಬೇಕು? ಎಲ್ಲಿಡ್ಲಿ ಹೇಳಿ, ಕೈ ನೋಯ್ತಿದೆ."

ಅವಳು ತನ್ನ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿ, ತನ್ನ ಕಂಪ್ಯೂಟರ್ ಪಕ್ಕದಲ್ಲೇ ಜಾಗ ಮಾಡಿದಳು. ವೈರು ಚುಚ್ಚಿದರು. ಹಳೆಯದು ಗೊರ್ ಎಂದು ಸದ್ದು ಮಾಡುತ್ತ ಎದ್ದಿತು.

"ಹುಷಾರು, ಹಳೇದು ಅದು," ಎಂದನವನು. "ಪದೇ ಪದೇ ಕೇಳಿದ್ರೆ ಬಿಸಿಯಾಗುತ್ತೆ."

"ಗೊತ್ತು. ಇನ್ಮೇಲೆ ಆಪ್ ದಿನಕ್ಕೆ ಒಂದೇ ಸಲ ಕೇಳುತ್ತೆ, ಹೊಸದೇನಾದ್ರೂ ಬರೆದ್ರಾ ಅಂತ."

"ಒಂದೇ ಸಲಾನಾ?"

"ಆಪ್ ಒಂದು ಸಲ," ಎಂದಳು ಗುಬ್ಬಿ, ಗ್ರೀಸ್ ಕಲೆಯಿದ್ದ ಅವನ ತೋಳು ಹಿಡಿದುಕೊಂಡು. "ನಾನು ಎಷ್ಟು ಸಲ ಬೇಕಾದ್ರೂ ಕೇಳ್ತೀನಿ."