ಲೋಟದ ಮೇಲಿನ ಡೇಗೆ

"ಅಲ್ರಲೇ, ಬೇಟೆಗಾರ್ತಿ ಕೈ ಮೇಲೆ ಕೂತಿದ್ದ ಡೇಗೆ ಎಲ್ಲಿ ಹೋತು?"

ಮಹಡಿಯಿಂದ ಈಶ್ವರನ ಕೂಗು ಕೇಳಿದಾಗ ಗಂಗಾಶ್ರೀ ಕೆಳಗೆ ಊಟದ ತಟ್ಟೆ ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಅಂಗಳದ ಮೆಟ್ಟಿಲು ಹತ್ತಿದಳು. ಹಿಂದೆಯೇ ರಾಜೇಶ್ವರಮ್ಮ ಬಂದರು. ಶಿಕಾರಿಪುರದ ಈ ಮನೆ ಅವರದು. ನಿವೃತ್ತ ಟೀಚರ್. ಬೀಗದ ಕೈ ಕಳೆದರೂ ಎಮ್ಮೆ ಕಳುವಾದರೂ ಕೇರಿಯವರು ಮೊದಲು ತಟ್ಟುವುದು ಅವರ ಬಾಗಿಲು. ಪಕ್ಕದ ಮನೆಯ ಗಂಗಾಶ್ರೀ ಪ್ರತಿ ಸಲವೂ ಅವರ ಜೊತೆಗಾತಿ. ಈ ಸಲ ಮಾತ್ರ ಅವಳು ಎರಡೆರಡು ಮೆಟ್ಟಿಲು ಹಾರಿ ಬಂದಿದ್ದಳು. ಆಟದ ಬೇಟೆಗಾರ್ತಿ ಅವಳ ಮಗಳು ಶೃತಿ.

ಅದು ಕತೆ ಕಟ್ಟಿ ಆಡುವ ಆಟ. ರಾಜೇಶ್ವರಮ್ಮನ ಮಗ ಕೊಟ್ರೇಶ್ ಕತೆ ಹೇಳುತ್ತಿದ್ದ. ಶೃತಿ, ಈಶ್ವರ, ಮಧುಸೂದನ ಮೂವರೂ ವೀರರಾಗಿ ರಕ್ಕಸರ ಜೊತೆ ಕಾದಾಡುತ್ತಿದ್ದರು. ಗೆಲುವು ಸೋಲು ದಾಳದ ಕೈಯಲ್ಲಿ. ಶೃತಿಯ ಬಳಿ ಪಳಗಿಸಿದ ಬೇಟೆಹಕ್ಕಿ ಡೇಗೆಯೊಂದಿತ್ತು, ಹೆಸರು ಮಿಂಚು. ಅದು ಎರಗಿ ರಕ್ಕಸನ ಕಣ್ಣು ತಪ್ಪಿಸಿದರೆ, ಜೊತೆಗಾರ ಎರಡು ಸಲ ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದಿತ್ತು. ಹಕ್ಕಿ ಹಾರುತ್ತಿದೆ ಎನ್ನಲು ಅದರ ಪುಟ್ಟ ಗೊಂಬೆಯನ್ನು ಬೋರಲು ಹಾಕಿದ ಸ್ಟೀಲ್ ಲೋಟದ ಮೇಲೆ, ಇಳಿದಿದೆ ಎನ್ನಲು ಬೇಟೆಗಾರ್ತಿಯ ಗೊಂಬೆಯ ಕೈ ಮೇಲೆ ಇಡುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಶೃತಿ ಮಾತೇ ಬಿಟ್ಟಿದ್ದಳು. ಮತ್ತೆ ಬಾಯಿ ಬಿಟ್ಟದ್ದು ಈ ಮೇಜಿನ ಮುಂದೆ, "ಮಿಂಚು, ಎರಗು!" ಎಂದು.

"ಅಜ್ಜ ಸೊರಬದ ಗುಡಿಗಾರರ ಹತ್ರ ಕೆತ್ತಿಸಿದ ಗಂಧದ ಹಕ್ಕಿ ಅದು ಮಾರಾಯ," ಎಂದ ಸೊರಬದ ಮಧುಸೂದನ. "ಆಟಕ್ಕೆ ಅಂತ ತಂದಿದ್ದೆ. ಮನೇಲಿ ಎಂತ ಹೇಳ್ಲಿ?"

"ಊಟದ ಹೊತ್ತಲ್ಲಿ ಯಾರ್ಯಾರು ಮೇಲೆ ಬಂದಿದ್ರಿ?" ರಾಜೇಶ್ವರಮ್ಮ ಕೇಳಿದರು.

ಶೃತಿ ನಿಧಾನ ಕೈ ಎತ್ತಿದಳು. "ನಾನು. ಊಟಕ್ಕೆ ಕೂರೋ ಮೊದ್ಲು."

"ನಾನಂತೂ ಈ ಕಡೆ ತಲೆ ಹಾಕಿಲ್ರೀ," ಎಂದ ಈಶ್ವರ. "ಉಂಡೆದ್ದು ಬೈಕ್ ನೆರಳಿಗೆ ನಿಲ್ಸಿ ಬಂದೆ, ಅಷ್ಟೇ. ಆಕಿ ಬ್ಯಾಗ್ ನೋಡ್ರಿ."

ಗಂಗಾಶ್ರೀಯೇ ಬ್ಯಾಗನ್ನು ಮೇಜಿನ ಮೇಲೆ ಸುರಿದಳು. ಪೆನ್ನು, ಬಾಚಣಿಗೆ, ಮಂಡಕ್ಕಿಯ ಸಣ್ಣ ಪೊಟ್ಟಣ. ಹಕ್ಕಿ ಇರಲಿಲ್ಲ.

"ಪಕ್ಕದಾಗೇ ಮನೆ ಐತಲ್ಲ, ಇಟ್ಟು ಬರಾಕೆ ಎಷ್ಟೊತ್ತು?" ಈಶ್ವರ ಗೊಣಗಿದ.

ಶೃತಿ ಕುರ್ಚಿಯಲ್ಲಿ ಮುದುಡಿ ತುಟಿ ಬಿಗಿದುಕೊಂಡಳು. ಆ ಬಿಗಿತ ಗಂಗಾಶ್ರೀಗೆ ಗೊತ್ತಿತ್ತು. ಇವತ್ತು ಕಳ್ಳಿ ಅನಿಸಿಕೊಂಡು ಇಳಿದರೆ ಈ ಬಾಯಿ ಮತ್ತೆ ತೆರೆಯುವುದಿಲ್ಲ. "ಟೀಚರ್..." ಎಂದಳು.

ರಾಜೇಶ್ವರಮ್ಮ ಮೇಜಿನ ಮೇಲೆ ಬಾಗಿದ್ದರು. ಲೋಟ ಬೋರಲಾಗಿಯೇ ಇತ್ತು, ಮೇಲೆ ಏನೂ ಇಲ್ಲ. ಬೇಟೆಗಾರ್ತಿಯ ಗೊಂಬೆಯ ಚಾಚಿದ ಕೈ ಕೆಳಗೆ ಒಂದು ಮಂಡಕ್ಕಿ ಕಾಳು ಬಿದ್ದಿತ್ತು.

"ಕೊಟ್ರೇಶಿ, ಊಟಕ್ಕೇಳೋ ಮುಂಚೆ ಫೋಟೋ ಹೊಡ್ಕೊಂತೀಯಲ್ಲ, ಯಾವುದು ಎಲ್ಲಿತ್ತು ಅಂತ? ತೋರ್ಸು."

ಫೋಟೋದಲ್ಲಿ ಡೇಗೆ ಲೋಟದ ಮೇಲಿತ್ತು. ಮಂಡಕ್ಕಿ ಇರಲಿಲ್ಲ.

"ಇವತ್ತು ಹಕ್ಕಿ ಒಮ್ಮೆಯಾದ್ರೂ ಕೈಗೆ ಇಳೀತಾ?"

"ಇಲ್ಲಮ್ಮ, ಬೆಳಿಗ್ಗೆಯಿಂದ ಹಾರಾಟದಲ್ಲೇ ಇತ್ತು," ಎಂದ ಕೊಟ್ರೇಶ್.

ರಾಜೇಶ್ವರಮ್ಮ ಶೃತಿಯ ಪಕ್ಕ ಕುರ್ಚಿ ಎಳೆದುಕೊಂಡರು. "ಮೇಲೆ ಯಾಕ್ ಬಂದಿದ್ದೆ ಪುಟ್ಟಿ?"

ಶೃತಿ ಪಿಸುಗುಟ್ಟಿದಳು: "ಡೇಗೆ ಸಾಕಿದೋರು ಅದಕ್ಕೆ ತಿನ್ಸದೆ ಉಣ್ಣಬಾರ್ದು ಅಂತ ಓದಿದ್ದೆ. ಅದನ್ನ ಗಾಳೀಲೇ ಬಿಟ್ಟು ನಾನು ಹೆಂಗ್ ಉಣ್ಲಿ? ಕೈ ಮೇಲೆ ಇಳ್ಸಿ ಒಂದು ಕಾಳು ಇಟ್ಟೆ. ನಗ್ತೀರಿ ಅಂತ ಯಾರಿಗೂ ಹೇಳ್ಳಿಲ್ಲ. ಯಾವಾಗ್ಲೂ ಎಲ್ರಿಗಿಂತ ಮೊದ್ಲು ಬಂದು ಮತ್ತೆ ಲೋಟದ ಮೇಲೆ ಇಡ್ತಿದ್ದೆ. ಇವತ್ತು ಅಮ್ಮ ಇನ್ನೊಂದು ರೊಟ್ಟಿ ಹಾಕಿದ್ಲು, ತಡ ಆತು."

"ಕೇಳಿದ್ರೇನ್ರಪ್ಪ?" ರಾಜೇಶ್ವರಮ್ಮ ಎದ್ದು ನಿಂತರು. "ನೀವೆಲ್ಲ ಊಟಕ್ಕೆ ಇಳಿದಾಗ ಹಕ್ಕಿ ಲೋಟದ ಮೇಲಿತ್ತು. ಅದು ಕೈ ಮೇಲಿದ್ದದ್ದು ಊಟದ ಹೊತ್ತಲ್ಲಿ ಮಾತ್ರ. ಅದನ್ನ ಯಾರಾದ್ರೂ ನೋಡಿರಬೇಕಾದ್ರೆ ಶೃತಿ ಇಳಿದ ಮೇಲೆ ಇಲ್ಲಿಗೆ ಬಂದಿರಬೇಕು. ಆಗಲೂ ಹಕ್ಕಿ ಇಲ್ಲೇ ಇತ್ತು ಅಂದ್ರೆ, ತಗೊಂಡೋಳು ಶೃತಿ ಅಲ್ಲ. ಈಶ್ವರ, ಈಗ ಏನಂತ ಕೂಗಿದೆಪ್ಪ ನೀನು?"

ಗಂಗಾಶ್ರೀಗೆ ಆ ಕೂಗು ಮತ್ತೆ ಕಿವಿಯಲ್ಲಿ ಕೇಳಿತು. ಕೈ ಮೇಲೆ ಕೂತಿದ್ದ ಡೇಗೆ!

ಈಶ್ವರ ಮೆಟ್ಟಿಲ ಕಡೆ ಕಣ್ಣು ಹಾಯಿಸಿದ.

"ಎಲ್ರಿಗಿಂತ ಮೊದ್ಲು ಉಂಡೆದ್ದೋನೂ ನೀನೇ. ಬೈಕ್ ಇರೋದೂ ಅಂಗಳದಲ್ಲಿ, ಈ ಮೆಟ್ಲು ಇರೋದೂ ಅಂಗಳದಲ್ಲಿ. ಗಂಗಾ, ಅವನ ಹೆಲ್ಮೆಟ್ಟಿನೊಳಗೆ ಕೈ ಹಾಕಿ ನೋಡೇ."

ಗಂಗಾಶ್ರೀ ಇಳಿದು ಓಡಿದಳು. ಹೆಲ್ಮೆಟ್ಟಿನೊಳಗೆ ಕರವಸ್ತ್ರದಲ್ಲಿ ಸುತ್ತಿದ ಡೇಗೆ ಬೆಚ್ಚಗೆ ಗಂಧ ಸೂಸುತ್ತಾ ಕೂತಿತ್ತು.

"ಇವತ್ತೊಂದಿನ ಮರೆ ಮಾಡೋಣ ಅಂತಿದ್ದೆ," ಎಂದ ಈಶ್ವರ ತಲೆ ತಗ್ಗಿಸಿ. "ನಾನೊಬ್ನೇ ಏಟು ಹೊಡ್ದಿದ್ದೇ ಇಲ್ಲ. ಹಕ್ಕಿ ಹಂಗಿನಾಗಿರೋ ವೀರ ಅಂತ ಮಧು ದಿನಾ ಆಡ್ಕೊಂತಿದ್ದ. ನೀವು ಕೇಳಿದ ಮೇಲೆ ಹೆದರ್ಕಿ ಆತು, ಆಕಿ ಮೇಲೆ ಹಾಕಿದೆ. ತಪ್ಪಾತು ಶೃತಿ."

ಮಧುಸೂದನ ಬೇರೆ ಕಡೆ ಮುಖ ತಿರುಗಿಸಿದ. ಎಲ್ಲರೂ ಶೃತಿಯನ್ನೇ ನೋಡಿದರು. ಅವಳು ಹಕ್ಕಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಲೋಟದ ಮೇಲಿಟ್ಟಳು. ಲೋಟವನ್ನು ಈಶ್ವರನ ವೀರನ ಎದುರಿದ್ದ ರಕ್ಕಸನ ಬಳಿಗೆ ಸರಿಸಿದಳು.

"ಇವತ್ತು ಎರಗಲ್ಲ. ಮೇಲಿಂದ ನೋಡುತ್ತೆ ಅಷ್ಟೇ." ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. "ಒಬ್ನೇ ಹೊಡಿ. ತಪ್ಪಿದ್ರೆ ಕರಿ."

ಈಶ್ವರ ದಾಳ ಎತ್ತಿಕೊಂಡ. ಎಸೆದ.

ಎರಡು ಬಿತ್ತು. ಏಟು ತಪ್ಪಿತು.

ಯಾರೂ ನಗಲಿಲ್ಲ. ಈಶ್ವರ ದಾಳವನ್ನೇ ನೋಡುತ್ತಾ ಮೆಲ್ಲಗೆ ಅಂದ: "ಶೃತಿ, ಕರಿಯೇ ನಿನ್ನ ಹಕ್ಕೀನ."

"ಮಿಂಚು, ಎರಗು!"

ಆ ಕೂಗಿಗೆ ಅಂಗಳದ ಕಾಗೆಗಳು ಹಾರಿದವು. ಗಂಗಾಶ್ರೀ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಉಳಿದ ತಟ್ಟೆ ತೊಳೆಯಲು ಇಳಿದಳು.