ಬಟನ್ ಬಿಟ್ಟ ಮೇಲೆ

ಆ ದಿನ ಬೆಳಿಗ್ಗೆ ಅವನು ಹೇಳಿದ ಮಾತು ಸೈಟಿನಲ್ಲಿದ್ದವರಿಗೆಲ್ಲ ಕೇಳಿಸಿತು. ಕೇಳಿಸದೆ ಹೋದದ್ದು ನನಗೊಬ್ಬಳಿಗೆ. ತಪ್ಪು ನನ್ನದೇ.

ಮನೆಯಲ್ಲಿ ನನ್ನನ್ನು ಕರೆಯುವುದೇ ಮಾತಿನಮಲ್ಲಿ ಎಂದು. ಯಾರು ಏನೇ ಅನ್ನಲಿ, ಅದರ ಮೇಲೆ ನನ್ನದೊಂದು ಮಾತು ಬೀಳದಿದ್ದರೆ ತಿಂದದ್ದು ಅರಗುವುದಿಲ್ಲ. "ನೀನು ಪ್ರತಿಧ್ವನಿ ಜೊತೆಗೂ ಜಗಳ ಆಡ್ತೀಯ ಕಣೇ, ಕೊನೇಲಿ ಅದೇ ಮಾತಾಡ್ತು ಅಂತ," ಎಂದು ಅಕ್ಕ ರೇಗಿಸುತ್ತಾಳೆ. "ಅದಕ್ಕೆ ಸ್ವಂತ ಬುದ್ಧಿ ಎಲ್ಲಿದೆ, ಬಿಡು," ಎಂದು ಅದಕ್ಕೂ ಉತ್ತರ ಕೊಟ್ಟವಳು ನಾನು.

ಸಿಕ್ಕಿದ ಕೆಲಸವೂ ಅಂಥದ್ದೇ. ಹದಿನೆಂಟು ಮಹಡಿಯ ಕಟ್ಟಡ ಏಳುತ್ತಿರುವ ಕಡೆ ನಾನು ಕ್ರೇನ್ ಆಪರೇಟರ್. ಮೇಲೆ ಗಾಜಿನ ಕ್ಯಾಬಿನ್‌ನಲ್ಲಿ ನಾನು, ಕೆಳಗೆ ನಿಂತು ಸಿಗ್ನಲ್ ಕೊಡುವವನು ಅವನು, ನಮ್ಮಿಬ್ಬರ ಕೈಯಲ್ಲೂ ಒಂದೊಂದು ವಾಕಿಟಾಕಿ. ಅವನು "ಬಲಕ್ಕೆ" ಅಂದರೆ ನಾನೂ "ಬಲಕ್ಕೆ" ಎಂದು ತಿರುಗಿ ಹೇಳಬೇಕು, ಆಮೇಲೇ ಕ್ರೇನ್ ಅಲ್ಲಾಡಬೇಕು. ಕೊನೆಯ ಮಾತು ನನ್ನದೇ ಎಂದು ನಿಯಮವೇ ಇರುವ ಕೆಲಸ ಇನ್ನೆಲ್ಲಿ ಸಿಕ್ಕೀತು!

"ಮೇಲಿನೋರೇ, ತಿಂಡಿ ಆಯ್ತಾ?" ಎಂದು ದಿನಾ ಕೇಳುತ್ತಿದ್ದ.

"ಕೆಳಗಿನೋರು ಬಾಯಿ ಮುಚ್ಚಿದ್ರೆ ತಾನೇ ನಾನು ಬಾಯಿ ತೆರೆಯೋದು?"

"ನಿಮ್ಮ ಬಾಯಿ ಮುಚ್ಚಿದ್ದನ್ನ ನಾನಿನ್ನೂ ನೋಡೇ ಇಲ್ಲವಲ್ರೀ."

"ನೋಡೋಕೆ ಇನ್ನೂರ ಹತ್ತು ಮೆಟ್ಟಿಲು ಹತ್ತಿ ಬನ್ನಿ."

ಆಗ ಹಳದಿ ಹೆಲ್ಮೆಟ್ ನಿಧಾನವಾಗಿ ಹಿಂದಕ್ಕೆ ಬಾಗುತ್ತಿತ್ತು. ಒಂದು ಕೈ ಹುಬ್ಬಿನ ಮೇಲೆ ಬರುತ್ತಿತ್ತು. ಅವನು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಅಷ್ಟು ದೂರಕ್ಕೆ ಕಣ್ಣು ಮೂಗು ಏನೂ ಕಾಣದು. ಆದರೂ ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೆ.

ಆ ಬೆಳಿಗ್ಗೆ ಅವನು ತಿಂಡಿಯ ವಿಷಯ ಎತ್ತಲಿಲ್ಲ. "ನಾಳೆಯಿಂದ ನನ್ನನ್ನ ನದಿ ಆಚೆ ಸೈಟಿಗೆ ಹಾಕಿದ್ದಾರೆ," ಎಂದ.

ನನ್ನ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಬಟನ್ ಒತ್ತಿದೆ. "ಓಹೋ! ಇಲ್ಲಿ ನಿಮ್ಮನ್ನ ಕಟ್ಟಿಹಾಕಿದೋರು ಯಾರು? ಆ ಕಡೆ ಕ್ರೇನು ಇದಕ್ಕಿಂತ ದೊಡ್ಡದಂತೆ, ನಿಂತ್ಕೊಳ್ಳೋಕೆ ನೆರಳೂ ಇದೆಯಂತೆ. ನನಗೂ ಕಿವಿಗೆ ಒಂದಿಷ್ಟು ಆರಾಮ. ಹೋಗಿ, ಧಾರಾಳವಾಗಿ ಹೋಗಿ, ನನಗೇನು!"

ವಾಕಿಟಾಕಿಯ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತಾಡಬಹುದು, ಕೇಳಿಸಿಕೊಳ್ಳಲು ಮಾತ್ರ ಆಗದು. ಕೆಳಗೆ ಅವನ ಸೆಟ್ ಕೂಡ ಬಾಯಿಯ ಹತ್ತಿರವೇ ಇತ್ತು. ನಾನು ಮಾತಾಡುತ್ತಿದ್ದೆನಲ್ಲ, ಗಮನಿಸಲಿಲ್ಲ.

ಹೆಲ್ಮೆಟ್ ಹಿಂದಕ್ಕೆ ಬಾಗಲಿಲ್ಲ.

ಆಮೇಲೆ ಅವನ ಬಾಯಲ್ಲಿ ಬರೀ ಕೆಲಸದ ಮಾತು. ಎಡಕ್ಕೆ. ಇಳಿಸಿ. ಸಾಕು. ನಾನು ಕೆಣಕಿದೆ, ಅವನು ಸುಮ್ಮನಾದ. ಚುಚ್ಚಿದೆ, ಆಗಲೂ ಸುಮ್ಮನೇ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಮಾತೆಲ್ಲ ನನ್ನದೇ ಆಗಿತ್ತು, ಒಂದೂ ರುಚಿಸಲಿಲ್ಲ. ಫ್ಲಾಸ್ಕ್ ತೆರೆದೆ, ಕುಡಿಯದೆ ಮುಚ್ಚಿದೆ. ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ. ಎಡಗಾಲು ತಾನಾಗಿಯೇ ಕುಣಿಯುತ್ತಿತ್ತು. ಈ ಗಡಿಯಾರಕ್ಕೆ ಇವತ್ತು ಏನು ಬಂದಿದೆಯೋ ಎಂದು ಶಪಿಸಿದೆ. ಅದು ಓಡಿದರೆ ಅವನು ಹೊರಡುತ್ತಾನೆ, ನಿಂತರೆ ನನಗೆ ಜೀವ ಹೋಗುತ್ತದೆ.

ನಾಲ್ಕು ಗಂಟೆಗೆ ಅವನು ಚಹಾಕ್ಕೆ ಹೋದಾಗ ಸೆಟ್ಟಿನಲ್ಲಿ ಸೂಪರ್‌ವೈಸರ್ ದನಿ ಬಂತು. ನಮ್ಮಪ್ಪನ ವಯಸ್ಸಿನವರು. "ಏನಮ್ಮಾ, ಆ ಹುಡುಗ ಅಷ್ಟು ಬಾಯಿಬಿಟ್ಟು ಹೇಳಿದ ಮೇಲೆ ಹಾಗಾ ಅನ್ನೋದು?"

"ಏನು ಹೇಳಿದ್ರು ಸಾರ್?"

"ನಿನಗೆ ಕೇಳಿಸ್ಲಿಲ್ವಾ? ಅಯ್ಯೋ ದೇವರೇ! ಕಂಬಿ ಕಟ್ಟೋರಿಗೆಲ್ಲ ಕೇಳಿಸ್ತಲ್ಲಮ್ಮ. ಅವನು ಮುಗಿಸಿ ಬಟನ್ ಬಿಟ್ಟ, ಸೆಟ್ಟಲ್ಲಿ ಬಂದಿದ್ದು ಒಂದೇ ಮಾತು, 'ಹೋಗಿ, ನನಗೇನು' ಅಂತ. ಅವನ ಮುಖ ನೋಡೋಕಾಗ್ಲಿಲ್ಲ."

"ಸಾರ್, ಏನಂದ್ರು ಹೇಳಿ ಸಾರ್!"

"ನಾನ್ಯಾಕೆ ಹೇಳ್ಲಿ? ಅದು ನನಗೆ ಹೇಳಿದ್ದಲ್ಲ."

ನನ್ನ ಬುದ್ಧಿಗಿಷ್ಟು!

ಅವನು ಬಂದಾಗ ದಿನದ ಕೊನೆಯ ಕಂಬಿ ಕಟ್ಟು ಕೊಕ್ಕೆಗೆ ಬಿದ್ದಿತ್ತು. ಭಾರ ಗಾಳಿಯಲ್ಲಿರುವಾಗ ಬೇರೆ ಮಾತು ಆಡುವಂತಿಲ್ಲ. ಎತ್ತಿ, ಎತ್ತಿ, ಬಲಕ್ಕೆ, ನಿಧಾನ. ನಾನು ಒಂದೊಂದನ್ನೂ ತಿರುಗಿ ಹೇಳಿದೆ. ಕಟ್ಟು ಹದಿನಾಲ್ಕನೆಯ ಮಹಡಿಗೆ ಇಳಿದು ಕೊಕ್ಕೆ ಬಿಡಿಸಿದ್ದೇ ತಡ, ಬಟನ್ ಒತ್ತಿದೆ.

"ಬೆಳಿಗ್ಗೆ ನೀವು ಏನೋ ಹೇಳಿದ್ರಂತೆ. ನಾನು ಬಟನ್ ಒತ್ಕೊಂಡೇ ಇದ್ದೆ, ಒಂದಕ್ಷರ ಕೇಳಿಸಿಲ್ಲ. ನನಗೇನು ಅಂದಿದ್ದು ಶುದ್ಧ ಸುಳ್ಳು. ಇನ್ನೊಂದ್ಸಲ ಹೇಳ್ತೀರಾ?"

ಬಟನ್ ಬಿಟ್ಟೆ. ಸೆಟ್ಟನ್ನು ಕಿಟಕಿಯ ಅಂಚಿಗಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ ಕೂತೆ.

ಕರಕರ ಸದ್ದು. ಮತ್ತೆ ಮೌನ. ಅಷ್ಟು ಉದ್ದದ ಮೌನವನ್ನು ನಾನು ಜನ್ಮದಲ್ಲಿ ಸಹಿಸಿರಲಿಲ್ಲ.

"ಆ ಕಡೆ ಕ್ರೇನ್ ಆಪರೇಟರ್ ಮಾತೇ ಆಡಲ್ವಂತೆ," ಎಂದ ಕೊನೆಗೆ. "ಹೇಳಿದ್ದಷ್ಟು ತಿರುಗಿ ಹೇಳಿ ಸುಮ್ಮನಾಗ್ತಾರಂತೆ."

ನಿಲ್ಲಿಸಿದ. ನನ್ನ ಕೈ ತಾನಾಗಿಯೇ ಹೊರಬಂತು. ಅದನ್ನು ಮತ್ತೆ ತೊಡೆಯ ಕೆಳಗೆ ತುರುಕಿದೆ.

"ನನಗೆ ಅದು ಒಗ್ಗಲ್ಲ. ನಾನು ಒಂದಂದ್ರೆ ಮೇಲಿಂದ ಒಂದು ಬರ್ಬೇಕು. ಈಗ ಅದೇ ಅಭ್ಯಾಸ ಆಗೋಗಿದೆ. ಮನೆಗೆ ಹೋದ್ಮೇಲೂ ಬೇಕು ಅನ್ಸುತ್ತೆ. ದಿನಾ ಬೇಕು, ಮುದುಕ ಆಗೋವರೆಗೂ. ನೀವಂದ್ರೆ ನನಗೆ ಅಷ್ಟು ಇಷ್ಟ. ಬೆಳಿಗ್ಗೆ ಹೇಳಿದ್ದು ಇದೇ."

ಕಣ್ಣು ತುಂಬಿ ಕಟ್ಟಡವೆಲ್ಲ ಮಸುಕಾಯಿತು. ಇದಕ್ಕೆ ಉತ್ತರ ಸೆಟ್ಟಿನಲ್ಲಿ ಕೊಡುವುದಲ್ಲ. ಕ್ರೇನ್ ಬಂದ್ ಮಾಡಿ, ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ ಇಳಿಯತೊಡಗಿದೆ. ಏಣಿಯ ಮೇಲೆ ಎರಡೂ ಕೈ ಕಂಬಿಯ ಮೇಲಿರಬೇಕು, ಅದೂ ನಿಯಮ.

"ಮೇಲಿನೋರೇ, ಕೇಳಿಸ್ತಾ?" ಎಂದಿತು ಸೊಂಟ.

ನಲವತ್ತು ಮೆಟ್ಟಿಲು.

"ಬೇಜಾರಾಯ್ತಾ? ಏನಾದ್ರೂ ಅನ್ನಿ. ಬೈದ್ರೂ ಪರವಾಗಿಲ್ಲ."

ನೂರು ಮೆಟ್ಟಿಲು. ಒಂದೊಂದಕ್ಕೂ ಒಂದೊಂದು ಉತ್ತರ ಹೊಳೆಯಿತು, ಒಂದಕ್ಕಿಂತ ಒಂದು ಚೂಪು.

"ನೀವು ಸುಮ್ಮನಿದ್ರೆ ನನಗೆ ಭಯ ಆಗುತ್ತೆ ಕಣ್ರೀ..."

ಏಣಿಯ ಬುಡದಲ್ಲಿ ಅವನು ಸೆಟ್ಟನ್ನು ಬಾಯಿಗೆ ಹಿಡಿದೇ ನಿಂತಿದ್ದ. ಹತ್ತಿರದಿಂದ ನೋಡಿದರೆ ಹೆಲ್ಮೆಟ್ಟಿನ ಪಟ್ಟಿ ಕೆನ್ನೆಯ ಮೇಲೆ ಗೆರೆ ಎಳೆದಿತ್ತು. ಕಣ್ಣಿನ ಬಣ್ಣ ನಾನು ಅಂದುಕೊಂಡಿದ್ದಕ್ಕಿಂತ ತಿಳಿಯಾಗಿತ್ತು. ಸುತ್ತ ಕಂಬಿ ಕಟ್ಟುವವರೆಲ್ಲ ಕೆಲಸ ನಿಲ್ಲಿಸಿ, ಕೆಲಸ ಮಾಡುವವರಂತೆ ನಟಿಸುತ್ತಿದ್ದರು.

"ಸರಿ," ಎಂದ ಮೆಲ್ಲಗೆ. "ಕೊನೇ ಮಾತು ನಿಮ್ಮದೇ. ಹೇಳಿ."

ಏಣಿಯುದ್ದಕ್ಕೂ ಕೂಡಿಟ್ಟ ಉತ್ತರಗಳಲ್ಲಿ ಒಂದಾದರೂ ನೆನಪಾಗಬೇಡವೇ!

"ಹೂಂ," ಎಂದೆ.

ಅವನ ಮುಖ ಅರಳಿತು. ನನ್ನ ಕೈಯಿಂದ ಗ್ಲೌಸ್ ತೆಗೆದು, ಆ ಕೈಯನ್ನು ಹಾಗೇ ಹಿಡಿದುಕೊಂಡ. "ಇಷ್ಟು ದಿನ ಅಷ್ಟೊಂದು ಮಾತಾಡಿ, ಇವತ್ತು ಇಷ್ಟೇನಾ?"

ನಾಲಿಗೆಯ ತುದಿಗೆ ಒಂದು ಒಳ್ಳೆಯ ಉತ್ತರ ಬಂತು. ಅದನ್ನು ನಾಳೆಗೆ ಇಟ್ಟುಕೊಂಡೆ.